ಮಿಸಿಸಿಪ್ಪಿಯಿಂದ ಎರೆಹೊಲಕ್ಕೆ ಬಂದ ಹತ್ತಿಕಾಳು

ಅಮೆರಿಕದ ಚರಿತ್ರೆ ಎಂದರೆ ನಮ್ಮ ಶಾಲೆಗಳಲ್ಲಿ ಮೊದಲು ನೆನಪಾಗುವುದು ಅಬ್ರಹಾಂ ಲಿಂಕನ್. ಮಗನ ಮೇಷ್ಟ್ರಿಗೆ ಆತ ಬರೆದನೆನ್ನುವ ಪತ್ರ ಕನ್ನಡ ನಾಡಿನ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಅದು ಆತನದೇ ಎನ್ನಲು ಯಾವ ದಾಖಲೆಯೂ ಸಿಕ್ಕಿಲ್ಲ. ಗುಲಾಮರನ್ನು ಬಿಡಿಸಿದ ಮಹಾತ್ಮ ಎಂದು ಒಂದು ಸಾಲು, ದೇಶ ಪಶ್ಚಿಮಕ್ಕೆ ಹಬ್ಬಿತು ಎಂದು ಇನ್ನೊಂದು ಸಾಲು, ಅಲ್ಲಿಗೆ ಪಾಠ ಮುಗಿಯುತ್ತದೆ. ಈ ಎರಡೂ ಒಂದೇ ಕಥೆ. ಅದು ನಮ್ಮ ತುಂಗಭದ್ರೆಯ ದಂಡೆಯವರೆಗೂ ಬಂದಿದೆ. ಆ ದಂಡೆಯ ಹೊನ್ನಾಳಿಯ ಮಕ್ಕಳಿಗೆ ಇದನ್ನು ಕಲಿಸಲು ನಕಾಶೆಗಿಂತ ಮೊದಲು ಬೇಕಾದದ್ದು ಒಡೆದ ಒಂದು ಹತ್ತಿಕಾಯಿ.

ಕಾಯಿಯನ್ನು ಕೈಗೆ ಕೊಟ್ಟು, ಕಾಳಿನಿಂದ ಅರಳೆ ಬಿಡಿಸು ಎಂದು ಹೇಳಿ ನೋಡಬೇಕು. ಅಮೆರಿಕದ ಒಳನಾಡಿನ ಹತ್ತಿಯಲ್ಲಿ ಅರಳೆ ಕಾಳನ್ನು ಕಚ್ಚಿಕೊಂಡಿರುತ್ತದೆ. ಉಗುರಿನಿಂದ ಎಳೆದಷ್ಟೂ ನಾಲ್ಕು ಎಳೆ ಹಿಂದೆಯೇ ಉಳಿಯುತ್ತವೆ. ಒಬ್ಬರು ದಿನವಿಡೀ ಕೂತರೂ ಅರ್ಧ ಕಿಲೋ ಅರಳೆ ಆಗುವುದು ಕಷ್ಟ. 1793ರಲ್ಲಿ ಎಲಿ ವಿಟ್ನಿ ಎಂಬಾತ ತಂತಿಹಲ್ಲಿನ ಉರುಳೆಯ ಜಿನ್ ಯಂತ್ರ ಕಟ್ಟಿದ. ಅದೇ ಒಂದು ದಿನದಲ್ಲಿ ಐವತ್ತು ಪಟ್ಟು ಅರಳೆ ಬರತೊಡಗಿತು. ದುಡಿಮೆ ಹಗುರಾದ ಮೇಲೆ ಗುಲಾಮರೇಕೆ ಬೇಕು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಯಂತ್ರ ಕಾಳು ತೆಗೆಯಿತೇ ಹೊರತು ಬಿತ್ತಲಿಲ್ಲ, ಕಳೆ ಕೀಳಲಿಲ್ಲ, ಹತ್ತಿ ಬಿಡಿಸಲಿಲ್ಲ. ಬೆಳೆದಷ್ಟೂ ಲಾಭವೆಂದಾದಾಗ ತೋಟದ ಧಣಿಗಳಿಗೆ ಎಷ್ಟು ನೆಲ ಸಿಕ್ಕರೂ, ಎಷ್ಟು ಕೈಗಳು ಸಿಕ್ಕರೂ ಸಾಲದಾಯಿತು.

ನೆಲ ಸಿಕ್ಕಿದ್ದು ಹೇಗೆ? 1803ರಲ್ಲಿ ಲೂಸಿಯಾನ ಸೀಮೆಯನ್ನು ಫ್ರೆಂಚರಿಂದ ಕೊಂಡರು. 1830ರಲ್ಲಿ ಮೂಲನಿವಾಸಿಗಳನ್ನು ಎಬ್ಬಿಸಲು ಕಾನೂನನ್ನೇ ಮಾಡಿದರು. 1838ರಲ್ಲಿ ಸುಮಾರು 16 ಸಾವಿರ ಚೆರೋಕಿ ಜನರನ್ನು ಸೈನಿಕರ ಕಾವಲಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು; ಅವರಲ್ಲಿ ನಾಲ್ಕು ಸಾವಿರದಷ್ಟು ಮಂದಿ ಸತ್ತರೆಂದು ಅಂದಾಜು. ಅವರು ಬಿಟ್ಟುಹೋದ ನೆಲದಲ್ಲಿ ಹತ್ತಿ ಎದ್ದಿತು. ಆಫ್ರಿಕದಿಂದ ಗುಲಾಮರನ್ನು ತರುವುದು 1808ರಲ್ಲೇ ನಿಷೇಧವಾಗಿತ್ತು. ಹಾಗಾಗಿ ಕೈಗಳು ಬಂದದ್ದು ಒಳನಾಡಿನ ಮಾರಾಟದಿಂದ. ವರ್ಜೀನಿಯ, ಮೇರಿಲ್ಯಾಂಡ್‌ಗಳಿಂದ ಅಲಬಾಮ, ಮಿಸಿಸಿಪ್ಪಿಗಳ ಕಡೆಗೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು. ಗಂಡನನ್ನು ಒಬ್ಬ ಕೊಂಡರೆ ಹೆಂಡತಿಯನ್ನು ಇನ್ನೊಬ್ಬ ಕೊಂಡ. 1790ರಲ್ಲಿ ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ ನಲವತ್ತು ಲಕ್ಷದ ಹತ್ತಿರ ಬಂದಿತ್ತು. ಪಶ್ಚಿಮದ ವಿಸ್ತರಣೆ ಎಂಬ ಶೀರ್ಷಿಕೆಯ ಕೆಳಗೆ ಈ ಮೆರವಣಿಗೆಯನ್ನೂ ಕಾಣಿಸಬೇಕು.

ಆ ಅರಳೆಯೆಲ್ಲ ಹೋಗುತ್ತಿದ್ದುದು ಹೆಚ್ಚಾಗಿ ಮ್ಯಾಂಚೆಸ್ಟರ್ ಕಡೆಯ ಗಿರಣಿಗಳಿಗೆ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆದವರು ನಾವು. ಆ ಹೆಸರಿನ ಹಿಂದೆ ಯಾರ ಬೆವರಿತ್ತು ಎಂಬುದೂ ಗೊತ್ತಿರಲಿ. ಒಂದೇ ದೇಶವನ್ನು ನೆಚ್ಚಿಕೊಂಡರೆ ಕೆಟ್ಟೆವು ಎಂದು ಹೆದರಿದ ಬ್ರಿಟಿಷರು ಭಾರತದತ್ತ ತಿರುಗಿದರು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹತ್ತು ಮಂದಿ ಅಮೆರಿಕನ್ ತೋಟಗಾರರನ್ನು ಇಲ್ಲಿಗೆ ಕರೆತಂದಿತು. ಹತ್ತಿ ಬೆಳೆಸುವ ವಿದ್ಯೆಯನ್ನು ಗುಲಾಮರ ನಾಡಿನಲ್ಲಿ ಕಲಿತ ಜನ ಅವರು. ಹಲವು ಕಡೆ ಪ್ರಯೋಗ ಸೋತಿತು. ಧಾರವಾಡದ ಎರೆಭೂಮಿಯಲ್ಲಿ, ಕಲೆಕ್ಟರ್ ಶಾ ಮತ್ತು ಮರ್ಸರ್ ಎಂಬ ತೋಟಗಾರನ ಆಸ್ಥೆಯಿಂದ, ನ್ಯೂ ಆರ್ಲಿಯನ್ಸ್ ಬೀಜ ಹಿಡಿದುಕೊಂಡಿತು. ಧಾರವಾಡ-ಅಮೆರಿಕನ್ ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರಾಯಿತು.

ಇಲ್ಲಿ ಮತ್ತೆ ಅದೇ ಕಾಳಿನ ತಕರಾರು. ನಮ್ಮ ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲಿಟ್ಟು, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬೇರೆ ಮಾಡುತ್ತಿದ್ದರು. ಹೊಸ ಹತ್ತಿ ಅದಕ್ಕೆ ಬಗ್ಗಲಿಲ್ಲ. ಬೀಜದ ಬೆನ್ನಿಗೇ ಗರಗಸದ ಜಿನ್ ಧಾರವಾಡಕ್ಕೆ ಬರಬೇಕಾಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು. ಇಲ್ಲಿ ಹತ್ತಿಗೆ ಬಂಗಾರದ ಬೆಲೆ. ಘಟ್ಟದ ಮೇಲಿನ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ, ಒಂದು ಗಿಡವೂ ಬೆಳೆಯದ ಆ ಊರಿನ ಹೆಸರೇ ಜವಾರಿ ಹತ್ತಿಗೆ ಅಂಟಿತ್ತು. ಕಾರವಾರದಲ್ಲಿ ದೊಡ್ಡ ಬಂದರು ಬೇಕೆಂಬ ಒತ್ತಡಕ್ಕೆ 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. ಕಲಬೆರಕೆ ಮಿತಿಮೀರಿ 1863ರಲ್ಲಿ ಹತ್ತಿಯ ಮೋಸ ತಡೆಯಲು ಮುಂಬಯಿ ಸರ್ಕಾರ ಕಾಯಿದೆ ತಂದಿತು. 1865ರಲ್ಲಿ ಯುದ್ಧ ನಿಂತಿತು. ಅಲ್ಲಿ ಗುಲಾಮಗಿರಿ ರದ್ದಾಯಿತು, ಇಲ್ಲಿ ಬೆಲೆ ಬಿತ್ತು.

ಹೊನ್ನಾಳಿ ಆಗ ಮೈಸೂರು ಸೀಮೆ, ಹೊಳೆಯಾಚೆ ಧಾರವಾಡ ಜಿಲ್ಲೆ. ಘಟ್ಟ ಇಳಿದು ಹತ್ತುವ ಹೇರೆತ್ತುಗಳ ವ್ಯಾಪಾರ ಲಂಬಾಣಿಗರ ಕಸುಬಾಗಿತ್ತು. ಅವರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಇರುವುದು ಇಲ್ಲೇ, ನ್ಯಾಮತಿ ತಾಲ್ಲೂಕಿನಲ್ಲಿ. ಬಂಡಿರಸ್ತೆ, ರೈಲು ಬಂದಂತೆ ಆ ಕಸುಬು ಮುರಿಯಿತು. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯಿದೆಗಳಡಿ ಹಲವು ಪ್ರಾಂತ್ಯಗಳಲ್ಲಿ ಅವರನ್ನು ಹುಟ್ಟುಗಳ್ಳರ ಪಟ್ಟಿಗೆ ಸೇರಿಸಿದರು. ಚೆರೋಕಿಗಳ ಪಾಡೂ ಇವರ ಪಾಡೂ ಒಂದೇ ಅಲ್ಲ. ಆದರೆ ತಾಂಡಾದಿಂದ ಶಾಲೆಗೆ ಬರುವ ಮಗುವಿಗೆ ಚೆರೋಕಿಗಳ ನಡಿಗೆ ದೂರದ ಸುದ್ದಿಯಾಗಿ ಕೇಳಿಸಲಾರದು.

ಗುಲಾಮಗಿರಿ ಅಮೆರಿಕದವರ ಪಾಪ, ನಮಗೆ ಸಂಬಂಧವಿಲ್ಲ ಎಂಬ ನೆಮ್ಮದಿಯನ್ನು ತರಗತಿಯಲ್ಲಿ ಬೆಳೆಸಬಾರದು. ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ನೀಗ್ರೋ ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕನ್ನರಿಗೇ ಅರ್ಪಿಸಿದ್ದರು. ಸಾಲಕ್ಕೆ ಮಗನನ್ನು ಜೀತಕ್ಕಿಡುವುದನ್ನು ನಮ್ಮ ಹಳ್ಳಿಗಳು ಬಲ್ಲವು. ಜೀತ ರದ್ದತಿಯ ಕಾಯಿದೆ ಬಂದದ್ದು 1976ರಲ್ಲಿ.

ಬೀಜದ ಪಯಣ ಅಲ್ಲಿಗೂ ನಿಲ್ಲಲಿಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕತರಕಿಯವರು ವರಲಕ್ಷ್ಮಿ ಎಂಬ ಸಂಕರ ತಳಿ ಕೊಟ್ಟರು. ಅದರ ತಂದೆತಾಯಿ ಎರಡೂ ಅಮೆರಿಕ ಖಂಡಗಳ ಮೂಲದ ಜಾತಿಗಳು. ಇಂಥ ಬೀಜ ತಯಾರಿಸಲು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಹೂವಿಗೊಂದರಂತೆ ಕೈಯಿಂದಲೇ ಆಗಬೇಕು. ಈ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳೇ ಚೆಂದವೆಂದು ಬೀಜದ ಹೊಲಗಳಲ್ಲಿ ಶಾಲೆ ಬಿಡಿಸಿ ಹುಡುಗಿಯರನ್ನು ದುಡಿಸಿದ ದಾಖಲೆಗಳು ಉತ್ತರ ಕರ್ನಾಟಕದಲ್ಲೂ ಆಂಧ್ರದಲ್ಲೂ ಇವೆ. ಅಮೆರಿಕದ ಪಾಠ ನಡೆಯುವ ದಿನ ಹಾಜರಿ ಪುಸ್ತಕದಲ್ಲಿ ಯಾವ ಹೆಸರುಗಳ ಮುಂದೆ ಗೈರು ಎಂದಿದೆಯೋ ಅದನ್ನೂ ಮೇಷ್ಟ್ರು ನೋಡಿಕೊಳ್ಳಲಿ.