ತೋಟದ ಅಡಿಯ ಬಂಡೆ

ಬೇಸಿಗೆ ಬಂತೆಂದರೆ ನಮ್ಮ ಸದಸ್ಯರು ನಾಲ್ವರು ಸೇರಿದ ಕಡೆ ಬೋರ್‌ವೆಲ್ಲಿನ ಮಾತೇ ಮಾತು. ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಿಡಿಯಬೇಕು. ಅಡಿಕೆಗಂತೂ ಬೇಸಿಗೆಯ ನೀರು ತಪ್ಪಿಸುವಂತಿಲ್ಲ. ಒಬ್ಬರ ತೋಟದಲ್ಲಿ 200 ಅಡಿಗೆ ಎರಡಿಂಚು ನೀರು ಸಿಕ್ಕಿರುತ್ತದೆ. ಬೇಲಿಯಾಚೆ 600 ಅಡಿ ಕೊರೆದರೂ ಬರುವುದು ಬರೀ ಕಲ್ಲಿನ ಧೂಳು. ಹಣೆಬರಹವೆಂದು ಸುಮ್ಮನಾಗುವುದು ರೂಢಿ. ಆದರೆ ಇದರಲ್ಲಿ ಹಣೆಬರಹಕ್ಕಿಂತ ಆ ಬಂಡೆಯ ಹುಟ್ಟಿನ ಪಾಲೇ ಹೆಚ್ಚು. ಆದ್ದರಿಂದ ಈ ಬಾರಿ ಗೊಬ್ಬರ, ಔಷಧಿಗಳ ವಿಚಾರವನ್ನು ಬದಿಗಿಟ್ಟು ಬಂಡೆಯ ವಿಚಾರ ಬರೆಯುತ್ತಿದ್ದೇವೆ.

ಕಲ್ಲುಗಳಲ್ಲಿ ಮೂರು ಜಾತಿ. ಕರಗಿದ ಶಿಲಾರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಮರಳು, ಕೆಸರು ನೀರಿನ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದದ್ದು ಜಲಜಶಿಲೆ. ಇವೆರಡರಲ್ಲಿ ಯಾವುದೇ ಆಗಲಿ, ನೆಲದ ಆಳಕ್ಕೆ ಹೂತುಹೋಗಿ, ಕಾವು ಮತ್ತು ಒತ್ತಡಕ್ಕೆ ಸಿಕ್ಕಿ, ಕರಗದೆಯೇ ಬೇರೆ ಕಲ್ಲಾಗಿ ಮಾರ್ಪಟ್ಟರೆ ಅದು ರೂಪಾಂತರ ಶಿಲೆ. 'ಕರಗದೆಯೇ' ಎಂಬ ಮಾತನ್ನು ಓದುಗರು ಗಮನಿಸಬೇಕು. ಗೂಡಿನಲ್ಲಿ ಸುಟ್ಟ ಇಟ್ಟಿಗೆ ಕರಗಿರುವುದಿಲ್ಲ. ಆದರೂ ಅದನ್ನು ನೆನೆಸಿ ಮತ್ತೆ ಜೇಡಿಮಣ್ಣು ಮಾಡಲಾಗದು. ಬಂಡೆಯ ವಿಷಯವೂ ಹಾಗೆಯೇ. ಇಟ್ಟಿಗೆಗೆ ಕೆಲವು ದಿನಗಳ ಬೆಂಕಿ ಸಾಕು, ಬಂಡೆಗೆ ಲಕ್ಷಾಂತರ ವರ್ಷ ಬೇಕು.

ನೆಲದೊಳಗೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಏರುತ್ತದೆ. 10 ಕಿಲೋಮೀಟರ್ ಆಳದಲ್ಲಿ ಹತ್ತಿರ ಹತ್ತಿರ 300 ಡಿಗ್ರಿ. ಮೇಲಿನ ಬಂಡೆಯ ಭಾರವೋ, ನಾವು ಉಸಿರಾಡುವ ಗಾಳಿಯ ಒತ್ತಡದ 2,500 ಪಟ್ಟಿಗೂ ಹೆಚ್ಚು. ಅಂಥ ಕಡೆ ಕೆಸರುಗಲ್ಲೊಂದು ಸಿಕ್ಕಿತೆನ್ನಿ. ಮೊದಲು ಅದರ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಜೇಡಿಯ ಕಣಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟು ಅಭ್ರಕವಾಗುತ್ತವೆ. ಅಭ್ರಕದ ಹಾಳೆಗಳು ಒತ್ತಡಕ್ಕೆ ಅಡ್ಡವಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಹೀಗಾದಾಗ ಹುಟ್ಟುವುದು ಮಕ್ಕಳು ಬರೆಯುತ್ತಿದ್ದ ಸ್ಲೇಟಿನ ಕಲ್ಲು. ಇನ್ನೂ ಬೆಂದರೆ ಮಿನುಗುವ ಶಿಸ್ಟ್. ಅದಕ್ಕೂ ಮುಂದೆ ಹೋದರೆ ಬಿಳಿ ಖನಿಜ ಒಂದು ಪಟ್ಟೆ, ಕರಿ ಖನಿಜ ಒಂದು ಪಟ್ಟೆ ಎಂದು ಬೇರ್ಪಟ್ಟು ನೈಸ್ ಎಂಬ ಪಟ್ಟೆಗಲ್ಲು. ಹೊರಬಿದ್ದ ಬಿಸಿನೀರು ವ್ಯರ್ಥವಾಗುವುದಿಲ್ಲ. ಕಣದಿಂದ ಕಣಕ್ಕೆ ಪದಾರ್ಥ ಸಾಗಿಸುವ ಕೂಲಿ ಅದರದೇ.

ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಹೆಚ್ಚಿನ ಕಡೆ ತಳಪಾಯವಾಗಿರುವುದು ಈ ಪಟ್ಟೆಗಲ್ಲೇ. ಇದು ಬಹುಪಾಲು ಕೆಸರಿನಿಂದ ಬಂದದ್ದಲ್ಲ, ಹಳೆಯ ಅಗ್ನಿಶಿಲೆಯೇ ಮಾರ್ಪಟ್ಟದ್ದು. ವಯಸ್ಸು ಸುಮಾರು 300 ಕೋಟಿ ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡ ಇದೇ ಕಲ್ಲು. ನಾವು ಮನೆ ಕಟ್ಟಲು ತರಿಸುವ ಸೈಜುಗಲ್ಲೂ ಅನೇಕ ವೇಳೆ ಇದೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಚಿತ್ರದುರ್ಗದಿಂದ ತೆಂಕಣಕ್ಕೆ ಹೊರಟರೆ ಬಂಡೆಗಳು ಹೆಚ್ಚು ಹೆಚ್ಚು ಬೆಂದಿರುವುದು ಕಾಣುತ್ತದೆ. ಚಿತ್ರದುರ್ಗದ ಸುತ್ತ ಕಡಿಮೆ ಶಾಖದಲ್ಲಿ ಹುಟ್ಟಿದ ಹಸಿರು ಛಾಯೆಯ ಕಲ್ಲು. ಕಾಫಿಯ ತವರಾದ ಬಾಬಾಬುಡನ್‌ಗಿರಿಯಲ್ಲಿ, ಒಂದು ಕಾಲದ ಕಡಲ ತಳದಲ್ಲಿ ಕೂತ ಕಬ್ಬಿಣ ಮತ್ತು ಸಿಲಿಕದ ಪದರಗಳು ಗಟ್ಟಿಯಾಗಿ ಗೆರೆಗೆರೆಯ ಅದಿರಾಗಿವೆ. ಹೊಳೆನರಸೀಪುರದ ಕಡೆ ಗಾರ್ನೆಟ್, ಕಯನೈಟ್‌ಗಳಂಥ ಹೆಚ್ಚು ಕಾವಿನ ಖನಿಜಗಳು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ 700 ಡಿಗ್ರಿಗೂ ಮಿಕ್ಕಿದ ಕಾವು ಕಂಡ ಚಾರ್ನೊಕೈಟ್ ಎಂಬ ಎಣ್ಣೆಗಪ್ಪು ಬಂಡೆ. ಇಡೀ ನೆಲದ ತುಂಡು ಓರೆಯಾಗಿ ಎದ್ದು, ಮೇಲ್ಭಾಗ ಸವೆದುಹೋದದ್ದರಿಂದ ಹೀಗಾಗಿದೆ. ಉತ್ತರದಲ್ಲಿ ಉಳಿದಿರುವುದು ಕಡಿಮೆ ಆಳದ ಬಂಡೆ; ದಕ್ಷಿಣದಲ್ಲಿ ಹಿಂದೆ 20 ಕಿಲೋಮೀಟರಿನಷ್ಟು ಕೆಳಗಿದ್ದದ್ದು ಇಂದು ಬಿಸಿಲು ಕಾಯಿಸುತ್ತಿದೆ. ಚಿತ್ರದುರ್ಗದಿಂದ ಬಿಳಿಗಿರಿಗೆ ಬಸ್ಸಿನಲ್ಲಿ ಹೋದವರು ತಮಗರಿವಿಲ್ಲದೆಯೇ ಪಾತಾಳದ ಕಡೆಗೆ ಪ್ರಯಾಣ ಮಾಡಿರುತ್ತಾರೆ!

ಕಬ್ಬಾಳದುರ್ಗದ ಕಲ್ಲುಗಣಿ ಲೋಕಪ್ರಸಿದ್ಧ. ಅಲ್ಲಿ ಬೂದು ಬಣ್ಣದ ಪಟ್ಟೆಗಲ್ಲಿನ ನಡುವೆ, ಎಣ್ಣೆ ಚೆಲ್ಲಿ ಕಲೆ ಹಿಡಿದಂತೆ, ಕಪ್ಪು ತೇಪೆಗಳಿವೆ. ತೇಪೆಯೊಳಗೆ ಪಟ್ಟೆಗಳು ಅಳಿಸಿಹೋಗಿವೆ. ಒಂದು ಕಲ್ಲು ಇನ್ನೊಂದಾಗುತ್ತಿದ್ದ ಗಳಿಗೆಯೇ ಅಲ್ಲಿ ಹೆಪ್ಪುಗಟ್ಟಿ ನಿಂತಿದೆ. ನಮ್ಮ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 1979ರಲ್ಲಿ ಎ. ಎಸ್. ಜನಾರ್ದನ್ ಮತ್ತು ಅವರ ಅಮೆರಿಕದ ಸಂಗಡಿಗರು, ನೀರಿನ ಅಂಶ ಕಡಿಮೆಯಾದುದೇ ಈ ಬದಲಾವಣೆಗೆ ಕಾರಣವೆಂದು ತೋರಿಸಿದರು. ಆಳದಿಂದ ಏರಿಬಂದ ಇಂಗಾಲದ ಡೈಆಕ್ಸೈಡು ನೀರನ್ನು ಹೊರದೂಡಿತೆಂಬುದು ಅವರ ವಾದ. ಚಾರ್ನೊಕೈಟ್ ಎಂಬ ಹೆಸರಿನ ಕಥೆ ಬೇರೆ: ಕಲ್ಕತ್ತೆಯ ಜಾಬ್ ಚಾರ್ನಾಕ್‌ನ ಗೋರಿಯ ಕಲ್ಲು ಇದೇ ಜಾತಿಯದೆಂದು ಥಾಮಸ್ ಹಾಲೆಂಡ್ 1893ರಲ್ಲಿ ಹಾಗೆ ಕರೆದರು.

ನೀರು ಕಳೆದುಕೊಂಡೇ ಕಲ್ಲು ಮಾರ್ಪಡಬೇಕೆಂದಿಲ್ಲ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲು, ಕಪ್ಪಾದ ಗಡುಸು ಅಗ್ನಿಶಿಲೆಯೊಳಕ್ಕೆ ಬಿಸಿನೀರು ಸೇರಿ ಮೆತ್ತಗಾದದ್ದು. ಕಲ್ಲು ಹಾಗೆ ಮೆತ್ತಗಾಗದಿದ್ದರೆ ಹೊಯ್ಸಳರ ಶಿಲ್ಪಿಗಳ ಉಳಿಗೆ ಅಷ್ಟು ಸೂಕ್ಷ್ಮ ಕೆತ್ತನೆ ಒಲಿಯುತ್ತಿತ್ತೇ?

ಈಗ ನಮ್ಮ ಬೋರ್‌ವೆಲ್ಲಿಗೆ ಬರೋಣ. ಮರಳುಗಲ್ಲಿನಲ್ಲಿ ಕಣಗಳ ನಡುವೆ ಸಂದುಗಳಿದ್ದು ನೀರು ನಿಲ್ಲುತ್ತದೆ. ನಮ್ಮ ಪಟ್ಟೆಗಲ್ಲಿನಲ್ಲಿ ಕಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂದು ಎಂಬುದೇ ಇಲ್ಲವೆನ್ನಬಹುದು. ಬಿರುಕಿಲ್ಲದ ಬಂಡೆಯಲ್ಲಿ ತೆರಪು ಶೇಕಡಾ 1ನ್ನೂ ಮುಟ್ಟುವುದಿಲ್ಲ. ಹಾಗಾದರೆ ನೀರು ಎಲ್ಲಿದೆ? ಎರಡು ಕಡೆ ಇದೆ. ಮೇಲೆ ಮಳೆಗೆ ಕೊಳೆತು ಶೇಡಿಯೂ ಗೊರಚೂ ಆದ ಪದರದಲ್ಲಿ. ಅದರ ಕೆಳಗೆ, ಬಂಡೆ ಮೇಲೆದ್ದು ಬರುವಾಗ ಭಾರ ಇಳಿದೋ, ನೆಲದ ಚಲನೆಯಿಂದಲೋ ಸೀಳಿದ ಬಿರುಕುಗಳಲ್ಲಿ. ಒಬ್ಬರ ಬಾವಿ ಬಿರುಕಿಗೆ ತಾಗುತ್ತದೆ, ಇನ್ನೊಬ್ಬರದು ಎರಡು ಬಿರುಕುಗಳ ನಡುವಿನ ಇಡೀ ಬಂಡೆಗೆ ಬೀಳುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ, ಇರುವವೂ ಬಿಗಿಯಾಗುತ್ತವೆ. 'ಇನ್ನೂ 200 ಅಡಿ ಇಳಿಸೋಣ, ಸಿಕ್ಕೇ ಸಿಗುತ್ತದೆ' ಎಂಬ ರಿಗ್ಗಿನವರ ಭರವಸೆಗೆ ಬಂಡೆಯ ಕಡೆಯಿಂದ ಬೆಂಬಲ ಕಡಿಮೆ. ಸಾಲ ತೀರಿಸುವವರು ರಿಗ್ಗಿನವರಲ್ಲ.

ಕೊರೆಸುವ ಮೊದಲು ಹತ್ತಿರದ ತೆರೆದ ಬಾವಿಯ ಗೋಡೆ, ಹಳ್ಳದ ದಡ, ರಸ್ತೆಗೆ ಕಡಿದ ಧರೆ, ಇವನ್ನು ನೋಡಿ ಬನ್ನಿ. ಪಟ್ಟೆಗಳು ಯಾವ ಕಡೆಗೆ ವಾಲಿವೆ, ಬಿರುಕುಗಳು ಯಾವ ದಿಕ್ಕಿಗೆ ಓಡಿವೆ, ಗೊರಚು ಎಷ್ಟು ಅಡಿ ದಪ್ಪವಿದೆ ಎಂಬುದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಕೊರೆಸಿದ ಮೇಲೆ ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಯಾವ ಯಾವ ಆಳದಲ್ಲಿ ಧೂಳಿನ ಬಣ್ಣ ಬದಲಾಯಿತು, ಎಲ್ಲಿ ನೀರು ತಗುಲಿತು ಎಂಬುದನ್ನು ತೋಟದ ಡೈರಿಯಲ್ಲಿ ಬರೆದಿಡಿ. ಬತ್ತಿದ ಬಾವಿಯ ಲೆಕ್ಕವನ್ನೂ ಬಿಡಬೇಡಿ. ಅಕ್ಕಪಕ್ಕದ ಹತ್ತು ತೋಟದವರು ತಮ್ಮ ಡೈರಿಗಳನ್ನು ಒಂದೆಡೆ ತಂದರೆ, ಆ ಊರಿನ ಬಿರುಕುಗಳ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಬಹುದು.