ಆರನೇ ಆಟಗಾರನ ಪಾಯಿಂಟ್: ಜರ್ಮನಿಯ ಊರೂರ ಟೆನಿಸ್ ಕ್ಲಬ್‌ಗಳು ನಡೆಯೋದು ಹೀಗೆ

ಟೆನಿಸ್ ಅಂದ ಕೂಡ್ಲೇ ನಮ್ಮ ಕಣ್ಮುಂದೆ ಬರೋದೇನು? ವಿಂಬಲ್ಡನ್‌ನ ಹಸಿರು ಹುಲ್ಲು, ಬಿಳಿ ಬಟ್ಟೆ, ಒಬ್ಬರ ಎದುರು ಇನ್ನೊಬ್ಬರು. ಕ್ರಿಕೆಟ್‌ಗೆ ಹನ್ನೊಂದು ಜನ, ಕಬಡ್ಡಿಗೆ ಏಳು ಜನ, ಟೆನಿಸ್ ಮಾತ್ರ ಒಬ್ಬಂಟಿಯ ಆಟ ಅಂತ ಅಂದುಕೊಂಡುಬಿಟ್ಟಿದ್ದೀವಿ. ಜರ್ಮನಿಯ ಚಿಕ್ಕ ಊರುಗಳಿಗೆ ಹೋದ್ರೆ ಈ ಲೆಕ್ಕ ತಲೆಕೆಳಗಾಗುತ್ತೆ. ಅಲ್ಲಿ ಟೆನಿಸ್ ಅಂದ್ರೆ ತಂಡದ ಆಟ. ನಮ್ಮ ಕಾಲೇಜುಗಳಿಂದ ಎಂ.ಎಸ್. ಮಾಡೋಕೆ, ಕೆಲಸ ಮಾಡೋಕೆ ಅಂತ ಆ ದೇಶಕ್ಕೆ ಹೋಗುವವರು ಹೆಚ್ಚುತ್ತಿರೋದ್ರಿಂದ, ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ತಿಳಿದಿಟ್ಟುಕೊಳ್ಳೋದು ಒಳ್ಳೇದು.

ಜರ್ಮನಿಯ ಟೆನಿಸ್ ಒಕ್ಕೂಟ ಹುಟ್ಟಿದ್ದು 1902ರಲ್ಲಿ, ಬರ್ಲಿನ್‌ನಲ್ಲಿ. ಅದರ ಮೊದಲ ಅಧ್ಯಕ್ಷ ಕಾರ್ಲ್ ಆಗಸ್ಟ್ ಫಾನ್ ಡೆರ್ ಮೇಡೆನ್. ಕ್ಲಬ್ ಕ್ಲಬ್‌ಗಳ ನಡುವಿನ ತಂಡ ಪಂದ್ಯಗಳಿಗೆ ಇವತ್ತಿಗೂ ಅವರದೇ ಹೆಸರು: ಮೇಡೆನ್ ಪಂದ್ಯಗಳು. 1985ರಲ್ಲಿ 17 ವರ್ಷದ ಬೋರಿಸ್ ಬೆಕರ್ ವಿಂಬಲ್ಡನ್ ಗೆದ್ದಾಗ, 1988ರಲ್ಲಿ ಸ್ಟೆಫಿ ಗ್ರಾಫ್ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಜೊತೆಗೆ ಒಲಿಂಪಿಕ್ ಚಿನ್ನವನ್ನೂ ಬಾಚಿಕೊಂಡಾಗ, ಜನ ಹುಚ್ಚೆದ್ದು ರ‍್ಯಾಕೆಟ್ ಹಿಡಿದರು. ಆ ಇಬ್ಬರೂ ಬೆಳೆದದ್ದು ಸಣ್ಣ ಊರುಗಳಲ್ಲೇ.

ಕ್ಲಬ್ ಅಂದ್ರೆ ಶ್ರೀಮಂತರ ಅಡ್ಡಾ ಅಲ್ಲ

ನಮ್ಮಲ್ಲಿ ಕ್ಲಬ್ ಅಂದ್ರೆ ದೊಡ್ಡ ಗೇಟು, ಅದಕ್ಕಿಂತ ದೊಡ್ಡ ಸದಸ್ಯತ್ವ ಶುಲ್ಕ. ಅಲ್ಲಿನ ಬಹುಪಾಲು ಕ್ಲಬ್‌ಗಳು ನೋಂದಾಯಿತ ಸಂಘಗಳು. ಸಂಘ ನೋಂದಾಯಿಸೋಕೆ ಕಾನೂನಿನ ಪ್ರಕಾರ ಕನಿಷ್ಠ 7 ಸದಸ್ಯರಿದ್ದರೆ ಸಾಕು. ಅಧ್ಯಕ್ಷರು, ಖಜಾಂಚಿ, ಕ್ರೀಡಾ ಕಾರ್ಯದರ್ಶಿ ಇವರೆಲ್ಲ ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವವರು. ಹೆಚ್ಚುಕಮ್ಮಿ ನಮ್ಮ ಕನ್ನಡ ಸಂಘದ ಥರಾನೇ ಅನ್ನಿ. ವರ್ಷಕ್ಕೊಮ್ಮೆ ಸಭೆ, ಲೆಕ್ಕಪತ್ರ, "ಮುಂದಿನ ವರ್ಷ ಯಾರಪ್ಪಾ ಜವಾಬ್ದಾರಿ ತಗೋತೀರಾ?" ಅನ್ನೋ ಪ್ರಶ್ನೆ, ಆಮೇಲೆ ಒಂದು ದೀರ್ಘ ಮೌನ.

ಅಂಕಣಗಳು ಹೆಚ್ಚಾಗಿ ಇಟ್ಟಿಗೆ ಪುಡಿಯವು. ಚಳಿಗಾಲದ ಹಿಮಕ್ಕೆ ಮೇಲ್ಪದರ ಸಡಿಲವಾಗಿರುತ್ತೆ. ವಸಂತ ಬಂದಾಗ ಹಳೆ ಪುಡಿ ಕೆರೆದು, ಹೊಸದು ಹರಡಿ, ನೀರು ಹಾಕಿ, ರೋಲರ್ ಎಳೀಬೇಕು. ಅನೇಕ ಕ್ಲಬ್‌ಗಳಲ್ಲಿ ಪ್ರತಿ ಸದಸ್ಯನೂ ವರ್ಷಕ್ಕೆ ಇಷ್ಟು ಗಂಟೆ ಅಂತ ಶ್ರಮದಾನ ಮಾಡಬೇಕು, ಇಲ್ಲಾಂದ್ರೆ ದುಡ್ಡು ಕಟ್ಟಬೇಕು. ವೈದ್ಯರು, ಬಡಗಿ, ಪ್ರೊಫೆಸರ್ ಎಲ್ಲರ ಕೈಗೂ ಒಂದೇ ಸಲಿಕೆ. ಆಟ ಮುಗಿದ ಮೇಲೂ ಸೀದಾ ಮನೆಗೆ ಹೋಗೋ ಹಾಗಿಲ್ಲ. ಅಗಲದ ಬಲೆ ಎಳೆದು ಇಡೀ ಅಂಕಣ ಸಮ ಮಾಡಿ, ಗೆರೆಗಳನ್ನ ಗುಡಿಸಿಯೇ ಹೊರಡಬೇಕು. ಮುಂದೆ ಆಡುವವರಿಗೆ ನೀವು ಕೊಡುವ ಮರ್ಯಾದೆ ಅದು.

ಪಂದ್ಯದ ದಿನ

ಬೇಸಿಗೆಯ ತಂಡ ಪಂದ್ಯಗಳು ಹೆಚ್ಚಾಗಿ ಮೇ ತಿಂಗಳಲ್ಲಿ ಶುರು. ಮಕ್ಕಳಿಗೆ, ದೊಡ್ಡವರಿಗೆ, 30 ದಾಟಿದವರಿಗೆ, 40, 50, 60, 70 ದಾಟಿದವರಿಗೂ ಬೇರೆ ಬೇರೆ ವಿಭಾಗ. ಅಜ್ಜಂದಿರ ಪಂದ್ಯ ಅಂತ ನಗಬೇಡಿ, ಡ್ರಾಪ್ ಶಾಟ್ ಹಾಕಿ ನಿಮ್ಮನ್ನೇ ಓಡಾಡಿಸ್ತಾರೆ!

ಪ್ರತಿ ಆಟಗಾರನಿಗೂ ಸಾಮರ್ಥ್ಯ ಶ್ರೇಣಿಯ ಒಂದು ಸಂಖ್ಯೆ ಇರುತ್ತೆ. ಹೊಸಬರು 25ರಲ್ಲಿ ಶುರು ಮಾಡಿ, ಗೆದ್ದಂತೆಲ್ಲ 1ರ ಕಡೆಗೆ ಇಳೀತಾರೆ. ತಂಡದ ಕ್ರಮಾಂಕ ಈ ಸಂಖ್ಯೆಯ ಪ್ರಕಾರವೇ. ದುರ್ಬಲ ಆಟಗಾರನನ್ನ ಬೇಕಂತ್ಲೇ ಎದುರಾಳಿಯ ಬಲಿಷ್ಠನ ಮುಂದೆ ನಿಲ್ಲಿಸಿ ಲಾಭ ಮಾಡ್ಕೊಳ್ಳೋ ಜಾಣತನ ಇಲ್ಲಿ ನಡೆಯೋಲ್ಲ.

ಆರು ಜನರ ತಂಡ ಅಂದ್ರೆ 6 ಸಿಂಗಲ್ಸ್, 3 ಡಬಲ್ಸ್. ಒಟ್ಟು 9 ಪಾಯಿಂಟ್, ಹಾಗಾಗಿ ಸಮ ಆಗೋ ಪ್ರಶ್ನೆಯೇ ಇಲ್ಲ. ಕೆಳಗಿನ ಹಂತಗಳಲ್ಲಿ ಅಂಪೈರ್ ಇರಲ್ಲ. ನಿಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ನೀವೇ ಹೇಳಬೇಕು. ಅನುಮಾನ ಬಂದ್ರೆ ಇಟ್ಟಿಗೆ ಪುಡಿಯ ಮೇಲಿನ ಗುರುತು ನೋಡಬಹುದು. ನಿಮಗೇ ನಷ್ಟ ಆಗೋ ಕಡೆ "ಒಳಗಿತ್ತು" ಅಂತ ಹೇಳೋದು ಅಲ್ಲಿನ ಮೊದಲ ಪಾಠ.

ಎಂಜಿನಿಯರ್‌ಗಳಿಗೊಂದು ಲೆಕ್ಕ

ಸಿಂಗಲ್ಸ್ ಮುಗಿದ ಮೇಲೆ ನಾಯಕರಿಬ್ಬರೂ ಡಬಲ್ಸ್ ಜೋಡಿಗಳನ್ನ ಗುಟ್ಟಾಗಿ ಬರೆದು ಒಟ್ಟಿಗೇ ಕೊಡ್ತಾರೆ. ಆಡುವ ಆರು ಜನರಿಗೆ ಬಲದ ಕ್ರಮದಲ್ಲಿ 1ರಿಂದ 6 ಅಂಕಿ. ಸಾಮಾನ್ಯ ನಿಯಮ ಹೀಗಿದೆ: ಮೊದಲ ಜೋಡಿಯ ಮೊತ್ತ ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ ಹೆಚ್ಚಿರಬಾರದು. ಜೊತೆಗೆ 1ನೇ ಆಟಗಾರ ಮೂರನೇ ಜೋಡಿಯಲ್ಲಿ ಇರುವಂತಿಲ್ಲ.

ಆರು ಜನರನ್ನ ಮೂರು ಜೋಡಿ ಮಾಡೋಕೆ 15 ದಾರಿ, ಜೋಡಿಗಳ ಕ್ರಮಕ್ಕೆ 6 ದಾರಿ, ಒಟ್ಟು 90. ಈ ನಿಯಮ ಹಾಕಿದ್ರೆ ಉಳಿಯೋದು ಬರೀ 22. (ಹಾಳೆ ಪೆನ್ನು ತಗೊಂಡು ಎಣಿಸಿ ನೋಡಿ!)

ಈಗ ಸ್ಕೋರ್ 3-3 ಅಂದ್ಕೊಳ್ಳಿ. ಮೂರರಲ್ಲಿ ಎರಡು ಡಬಲ್ಸ್ ಗೆದ್ರೆ ಸಾಕು. ಆಗ 1+4, 2+3 ಅಂತ ಎರಡು ಗಟ್ಟಿ ಜೋಡಿ ಮಾಡಿ, 5+6ನ್ನು ದೇವರ ಮೇಲೆ ಭಾರ ಹಾಕಿ ಕಳಿಸಬಹುದು. ಅದೇ 2-4 ಹಿನ್ನಡೆಯಲ್ಲಿದ್ರೆ ಮೂರನ್ನೂ ಗೆಲ್ಲಲೇಬೇಕು. ಆಗ 1+6, 2+5, 3+4 ಅಂತ ಎಲ್ಲಾ ಮೊತ್ತವೂ 7 ಆಗೋ ಹಾಗೆ ಬಲ ಹಂಚಬೇಕಾಗುತ್ತೆ. ಅಷ್ಟಕ್ಕೂ ಡಬಲ್ಸ್ ಅನ್ನೋದೇ ಬೇರೆ ವಿದ್ಯೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಿದ್ದು ನೆನಪಿದೆ ಅಲ್ವಾ?

ಆರನೆಯವನು ಬರದಿದ್ರೆ?

ಇಡೀ ವ್ಯವಸ್ಥೆಯ ಗುಟ್ಟು ಇರೋದು ಇಲ್ಲೇ. ಐದೇ ಜನ ಬಂದ್ರೆ ಆರನೇ ಸಿಂಗಲ್ಸೂ ಹೋಯ್ತು, ಒಂದು ಡಬಲ್ಸೂ ಹೋಯ್ತು. ಚೆಂಡು ಮುಟ್ಟೋ ಮೊದಲೇ 0-2. ತಂಡದ ನಂಬರ್ ಒನ್ ಎಷ್ಟೇ ಅದ್ಭುತವಾಗಿ ಆಡಿದ್ರೂ ಸಿಂಗಲ್ಸ್‌ನಲ್ಲಿ ಅವನು ತರೋದು ಒಂದೇ ಪಾಯಿಂಟ್. ಆರನೆಯವನು ಗೆದ್ರೂ ಅಷ್ಟೇ, ಒಂದೇ ಪಾಯಿಂಟ್. ಹಾಗಾಗಿ ಶನಿವಾರ ರಾತ್ರಿ ಯಾರಿಗೋ ಜ್ವರ ಬಂದ್ರೆ ನಾಯಕ ಫೋನ್ ಹಿಡಿದು ಹುಡುಕೋದು ಚಾಂಪಿಯನ್‌ನಲ್ಲ. ಬೆಳಿಗ್ಗೆ ಎದ್ದು ಬರೋ ಒಬ್ಬ ಮನುಷ್ಯನನ್ನ.

ಹೊಸ ದೇಶಕ್ಕೆ ಹೋದವರಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇಕಾ? ಆಫೀಸು, ಮನೆ, ಸೂಪರ್ ಮಾರ್ಕೆಟ್ಟು ಇಷ್ಟರಲ್ಲೇ ವರ್ಷಗಟ್ಟಲೆ ಕಳೆದು "ಇಲ್ಲಿನ ಜನ ಬೆರೆಯೋಲ್ಲ ಕಣೋ" ಅನ್ನೋರು ಬೇಕಾದಷ್ಟಿದ್ದಾರೆ. ಭಾಷೆ ಅರ್ಧಂಬರ್ಧ ಬಂದ್ರೂ ಸ್ಕೋರ್ ಹೇಳೋಕೆ, ಅಂಕಣ ಗುಡಿಸೋಕೆ, ಡಬಲ್ಸ್ ಜೊತೆಗಾರನಿಗೆ "ಬಿಡು, ಮುಂದಿನ ಪಾಯಿಂಟ್ ನೋಡೋಣ" ಅನ್ನೋಕೆ ಸಾಕಾಗುತ್ತೆ. ಪಂದ್ಯ ಮುಗಿದ ಮೇಲೆ ಆತಿಥೇಯ ತಂಡ ಎದುರಾಳಿಗಳಿಗೆ ಊಟ ಹಾಕೋದು ಅಲ್ಲಿನ ಪದ್ಧತಿ. ಎರಡೂ ತಂಡ ಒಂದೇ ಮೇಜಲ್ಲಿ ಕೂತಾಗ ಭಾಷೆ ತಾನಾಗೇ ಕಲಿಯುತ್ತೆ. ಸಸ್ಯಾಹಾರಿಗಳು ಮಾತ್ರ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಆಲೂಗಡ್ಡೆ ಸಲಾಡೇ ಗತಿ!

ಜರ್ಮನಿಗೆ ಹೊರಟವರು ಸೂಟ್‌ಕೇಸಲ್ಲಿ ಚಟ್ನಿಪುಡಿ ಪಕ್ಕ ಒಂದು ರ‍್ಯಾಕೆಟ್‌ಗೂ ಜಾಗ ಮಾಡ್ಕೊಳ್ಳಿ. ಚೆನ್ನಾಗಿ ಆಡೋಕೆ ಬರಲೇಬೇಕು ಅಂತೇನಿಲ್ಲ. ಊರಿನ ಯಾವುದೋ ತಂಡಕ್ಕೆ ಆರನೆಯವರು ಬೇಕಾಗೇ ಇರ್ತಾರೆ.