ಮಣಿಗೆಲಸ: ಬರ್ ದುಬೈಯ ಮನೆಗಳ ಒಂದು ವಿನೋದ

ದೇರಾದ ದಡದಲ್ಲಿ ಒಂದು ದಿರ್ಹಮು ಕೊಟ್ಟು ಅಬ್ರಾ ದೋಣಿಯನ್ನೇರಿ, ಕ್ರೀಕನ್ನು ದಾಟಿ ಬರ್ ದುಬೈಯ ಕಟ್ಟೆಯ ಮೇಲೆ ಇಳಿದವನು ಬಟ್ಟೆಯಂಗಡಿಗಳ ಹಳೆಯ ಸೂಕನ್ನು ಹಾದು, ಅಲ್ ಫಹೀದಿ ಬೀದಿಯನ್ನು ಹಿಡಿದು ಮೀನಾ ಬಜಾರಿಗೆ ಬರುವಷ್ಟರಲ್ಲಿ, ಸೀರೆ, ಲೇಸು, ಗುಂಡಿ, ಜರಿಯಂಚುಗಳ ನಡುವೆ ಗಾಜಿನ ಮಣಿಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕಿದ ಅಂಗಡಿಯೊಂದಾದರೂ ಅವನ ಕಣ್ಣಿಗೆ ಬೀಳದಿರದು. ಇಂತಹ ಅಂಗಡಿಗಳಿಗೆ ದೊಡ್ಡ ಗಿರಾಕಿಗಳೆಂದರೆ ದರ್ಜಿಗಳು, ಮದುವೆಯ ರವಿಕೆಗಳಿಗೆ ಆರಿ ವರ್ಕ್ ಮಾಡಿಕೊಡುವವರು. ಆದರೆ ಸಂಜೆಯ ಹೊತ್ತಿನಲ್ಲಿ ಬೇರೊಂದು ಬಗೆಯ ಗಿರಾಕಿಗಳೂ ಬರುವುದುಂಟು: ತೋಳಿಗೆ ತರಕಾರಿಯ ಚೀಲವನ್ನು ಸಿಕ್ಕಿಸಿಕೊಂಡು, ಪಕ್ಕದಲ್ಲಿ ಮನೆಗೆ ಹೋಗೋಣವೆಂದು ರಚ್ಚೆಹಿಡಿದ ಮಗುವನ್ನು ಸಮಾಧಾನಪಡಿಸುತ್ತ, ಮನೆಯಿಂದ ತಂದ ಸೀರೆಯ ಸೆರಗನ್ನು ಮಣಿಯ ಸರಕ್ಕೆ ತಾಗಿಸಿ ಬಣ್ಣ ಹೊಂದುವುದೋ ಇಲ್ಲವೋ ಎಂದು ಬಹಳ ಹೊತ್ತು ನೋಡಿ, ಕೊನೆಗೆ ಒಂದು ಸಣ್ಣ ಪೊಟ್ಟಣವನ್ನಷ್ಟೇ ಕೊಂಡು ಹೋಗುವ ಗೃಹಿಣಿಯರು. ಮಂಗಳೂರು, ಉಡುಪಿ, ಕಾರವಾರ, ಬೆಂಗಳೂರುಗಳಿಂದ ಬಂದು ಇಲ್ಲಿ ಸಂಸಾರ ಹೂಡಿರುವ ಕನ್ನಡದ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಈ ಲೇಖನದ ವಿಷಯವು ಅವರ ವಿನೋದವಾದ ಮಣಿಗೆಲಸ.

ಕನ್ನಡದ ಮನೆಗಳಿಗೆ ಮಣಿ ಹೊಸತಲ್ಲ. ಹಸುಗೂಸಿನ ಕೈಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕರಿಮಣಿಯ ದಾರದಿಂದ ಮೊದಲುಗೊಂಡು, ಮಾಂಗಲ್ಯದ ಕರಿಮಣಿಯ ಸರವನ್ನು ಹಾದು, ವೃದ್ಧಾಪ್ಯದ ಜಪಸರದ ನೂರೆಂಟು ಮಣಿಗಳವರೆಗೆ, ನಮ್ಮ ಬಾಳಿನ ಒಂದೊಂದು ಘಟ್ಟದಲ್ಲಿಯೂ ಅದಕ್ಕೊಂದು ಸ್ಥಾನವಿದೆ. ಅಂಕೋಲ, ಕುಮಟಾ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗ ಸ್ತ್ರೀಯರು ಕೊರಳು ಕಾಣದಷ್ಟು ಮಣಿಸರಗಳನ್ನು ಧರಿಸುವರು. 2021ರ ನವೆಂಬರಿನಲ್ಲಿ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಿನಲ್ಲಿ ನಡೆದುಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದಾಗ, ಗಿಡಮರಗಳ ಆ ಮಹಾತಾಯಿಯ ಕೊರಳ ಮಣಿಸರಗಳನ್ನು ದೇಶವೆಲ್ಲ ಕಂಡಿತು. ಸಂಡೂರಿನ ಲಂಬಾಣಿ ತಾಂಡಾಗಳ ಕಸೂತಿಯಲ್ಲಿ ಕನ್ನಡಿ, ಕವಡೆ, ನಾಣ್ಯಗಳೊಡನೆ ಮಣಿಯೂ ಸೇರಿ ಬಟ್ಟೆಯೇ ಒಡವೆಯಾಗಿ ಬಿಡುತ್ತದೆ. ಇನ್ನು ಒಂದೆರಡು ತಲೆಮಾರಿನ ಹಿಂದಿನ ಸಾಧಾರಣ ಮನೆಯನ್ನು ನೆನೆಯುವುದಾದರೆ, ನಡುಮನೆಯ ಬಾಗಿಲಿಗೆ ಕೊಳವೆಮಣಿಯ ತೋರಣ, ಗೋಡೆಯ ಮೇಲೆ ಮಣಿಯಿಂದಲೇ ಹೆಣೆದು ಚೌಕಟ್ಟು ಹಾಕಿಸಿದ ಬಾಲಕೃಷ್ಣ, ಹಾಲಿನ ಪಾತ್ರೆಯ ಮೇಲೆ ಗಾಳಿಗೆ ಹಾರದಿರಲೆಂದು ಸುತ್ತಲೂ ಮಣಿ ಕಟ್ಟಿದ ಕ್ರೋಶಾ ಮುಚ್ಚಳ, ಇವು ಇಲ್ಲದ ಮನೆಯೇ ಅಪರೂಪ. ಪರವೂರಿಗೆ ಹೊರಟ ಹೆಣ್ಣುಮಕ್ಕಳೊಡನೆ ಈ ವಿದ್ಯೆಯೂ ಹೊರಟು ಬಂದುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಬಂದ ವಿದ್ಯೆಯನ್ನು ಈ ನಾಡೂ ಪರಕೀಯವೆಂದು ಕಾಣಬೇಕಾಗಿಲ್ಲ. ಶಾರ್ಜಾದ ಜೆಬೆಲ್ ಬುಹೈಸ್ ಬೆಟ್ಟದ ಬುಡದಲ್ಲಿರುವ ನವಶಿಲಾಯುಗದ ಸಮಾಧಿಗಳಲ್ಲಿ ಮೃತರೊಡನೆ ಚಿಪ್ಪಿನ ಮತ್ತು ಕಲ್ಲಿನ ಮಣಿಗಳು ದೊರೆತಿವೆ. ಅಬುಧಾಬಿಯ ಮರವಾಹ್ ದ್ವೀಪದಲ್ಲಿ 2017ರಲ್ಲಿ ಸಿಕ್ಕಿದ ಮುತ್ತೊಂದು ಸುಮಾರು ಎಂಟು ಸಾವಿರ ವರ್ಷಗಳಷ್ಟು ಪ್ರಾಚೀನವೆಂದು ನಿರ್ಣಯವಾಗಿದೆ. ಅಬುಧಾಬಿಯ ಬಳಿಯ ಉಮ್ ಅಲ್ ನಾರ್ ದ್ವೀಪದಲ್ಲಿ 1959ರಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು ಉತ್ಖನನವನ್ನು ಆರಂಭಿಸಿದಂದಿನಿಂದ ಬೆಳಕಿಗೆ ಬಂದಿರುವ ಕಂಚಿನ ಯುಗದ ಸಂಸ್ಕೃತಿಯ ಗೋರಿಗಳಲ್ಲಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸಿಂಧೂ ಕಣಿವೆಯ ಕುಶಲಿಗಳು ಕೊರೆದು ಕಡಲಾಚೆಗೆ ಕಳುಹಿಸಿದ ಕೆಂಪು ಕಾರ್ನೀಲಿಯನ್ ಕಲ್ಲಿನ ಮಣಿಗಳಿವೆ. ಅಷ್ಟು ದೂರ ಹೋಗಲು ಬಿಡುವಿಲ್ಲದವರಿಗೆ ಬರ್ ದುಬೈಯ ಅಂಚಿನ ಶಿಂದಗದಲ್ಲಿಯೇ ಸರೂಕ್ ಅಲ್ ಹದೀದ್ ವಸ್ತುಸಂಗ್ರಹಾಲಯವನ್ನು 2016ರಲ್ಲಿ ತೆರೆಯಲಾಯಿತು. 2002ರಲ್ಲಿ ಮರಳುಗಾಡಿನ ನಡುವೆ ಗೋಚರವಾದ ಕಬ್ಬಿಣ ಯುಗದ ನೆಲೆಯೊಂದರ ಕತ್ತಿ, ಬಾಣದ ಮೊನೆ, ಬಂಗಾರದ ಒಡವೆಗಳೊಡನೆ ಮಣಿಗಳೂ ಆ ಸಂಗ್ರಹಕ್ಕೆ ಸೇರಿವೆ.

ಮುತ್ತಿನ ವಿಚಾರವಂತೂ ಸರಿಯೇ ಸರಿ. ಎಣ್ಣೆ ದೊರೆಯುವುದಕ್ಕೆ ಮೊದಲು ಈ ಊರು ಬದುಕಿದ್ದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ಮೂಗಿಗೆ ಚಿಮಟಿ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ಕಡಲ ತಳಕ್ಕೆ ಇಳಿದವರು ತಂದ ಮುತ್ತುಗಳನ್ನು ವರ್ತಕರು ತೂತಿನ ಜರಡಿಗಳಲ್ಲಿ ಜಾಲಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಮುಂಬಯಿಗೆ ಕಳುಹಿಸುತ್ತಿದ್ದರು. ಅವಕ್ಕೆ ರಂಧ್ರ ಬೀಳುತ್ತಿದ್ದುದೂ ಅವು ಸರವಾಗುತ್ತಿದ್ದುದೂ ಬಹುಮಟ್ಟಿಗೆ ಅಲ್ಲಿಯೇ. ಸಿಂಧದ ಠಟ್ಟಾ ಊರಿನ ಭಾಟಿಯಾ ವರ್ತಕರು ಬರ್ ದುಬೈಯಲ್ಲಿ ನೆಲೆಯೂರಿದುದಕ್ಕೆ ಈ ವ್ಯಾಪಾರವೂ ಒಂದು ಕಾರಣ. ಜಪಾನಿನಲ್ಲಿ ಮಿಕಿಮೊಟೊ ಮೊದಲಾದವರು ಬೆಳೆಸಿದ ಕೃಷಿಮುತ್ತು ಪೇಟೆಗೆ ಇಳಿದು, ಅದೇ ವೇಳೆಗೆ 1929ರ ಜಾಗತಿಕ ಮುಗ್ಗಟ್ಟೂ ಬಂದೊದಗಿದಾಗ ಈ ದಡದ ವ್ಯಾಪಾರ ಕುಸಿದುಬಿದ್ದಿತು. ಕಾಲದ ವಿಪರ್ಯಾಸವೆಂದರೆ, ಇಂದು ಇದೇ ದಡದ ಹವ್ಯಾಸಿಗಳು ಅಳತೆಯ ಸಮತೆಗೆಂದು ಹುಡುಕುವ ಮಿಯುಕಿ, ತೊಹೊ ಎಂಬ ಗಾಜಿನ ಮಣಿಗಳು ಬರುವುದೂ ಜಪಾನಿನ ಹಿರೋಶಿಮಾದಿಂದಲೇ. ಚೆಕ್ ದೇಶದ ಯಾಬ್ಲೋನೆಟ್ಸಿನ ಮಣಿಗೂ ಬನಾರಸಿನ ಮಣಿಗೂ ತಮ್ಮ ತಮ್ಮ ಅಭಿಮಾನಿಗಳುಂಟು; ಬನಾರಸಿನದರಲ್ಲಿ ಗಾತ್ರ ಸ್ವಲ್ಪ ಹೆಚ್ಚು ಕಡಿಮೆಯಾದರೂ ಬೆಲೆ ಕೈಗೆಟಕುವಂತಿರುತ್ತದೆ.

ಮಣಿಯ ಅಳತೆಯಲ್ಲಿ ಹೊಸಬರು ತಿಳಿದಿರಬೇಕಾದ ಒಂದು ಸಂಗತಿಯಿದೆ: ಸಂಖ್ಯೆ ಹೆಚ್ಚಿದಷ್ಟೂ ಮಣಿ ಕಿರಿದು. 11 ಎಂಬ ಅಳತೆಯದು ಸುಮಾರು ಎರಡು ಮಿಲಿಮೀಟರಿನದು, 15 ಎಂಬುದು ಒಂದೂವರೆಯ ಆಸುಪಾಸಿನದು. ದಾರವು ನೈಲಾನಿನದಾಗಿರಬೇಕು, ಕರಾವಳಿಯವರು ಮೀನಿನ ಗಾಳಕ್ಕೆ ಬಳಸುವ ತಂಗೂಸಿಯನ್ನೇ ಹಿಡಿಯುವರು, ಅದು ಬಿರುಸಾಗಿರುವುದರಿಂದ ಸೂಜಿಯ ಹಂಗೂ ಬೇಕಾಗುವುದಿಲ್ಲ.

ಹೆಣಿಗೆಯ ಮೂಲಸೂತ್ರ ಬಹಳ ಸರಳವಾದದ್ದು. ಒಂದು ಮಾರು ದಾರದ ನಡುವಿಗೆ ನಾಲ್ಕು ಮಣಿಗಳನ್ನು ತಂದು, ನಾಲ್ಕನೆಯದರೊಳಕ್ಕೆ ದಾರದ ಇನ್ನೊಂದು ತುದಿಯನ್ನು ಎದುರು ದಿಕ್ಕಿನಿಂದ ತೂರಿಸಿ, ಎರಡೂ ತುದಿಗಳನ್ನು ಸಮವಾಗಿ ಎಳೆದರೆ, ಮಣಿಗಳು ಒಂದಕ್ಕೊಂದು ಆತುಕೊಂಡು ಪುಟ್ಟ ಚೌಕವಾಗಿ ನಿಲ್ಲುವುವು. ಎರಡನೆಯ ಚೌಕಕ್ಕೆ ಮೂರೇ ಮಣಿ ಸಾಕು. ಹಿಂದಿನ ಚೌಕದ ಒಂದು ಗೋಡೆ ಇದಕ್ಕೂ ಗೋಡೆಯಾಗುತ್ತದೆ. ಸಾಲು ಮುಗಿದು ಮುಂದಿನ ಸಾಲಿಗೆ ತಿರುಗಿದ ಮೇಲೆ, ಮೊದಲ ಚೌಕವೊಂದನ್ನು ಬಿಟ್ಟರೆ, ಮಿಕ್ಕವುಗಳಿಗೆ ಎರಡೆರಡು ಗೋಡೆ ಆಗಲೇ ಇರುವುದರಿಂದ ಎರಡೆರಡೇ ಮಣಿ. ತೋರಣದ ಗಿಳಿಯಾಗಲಿ, ಮುತ್ತಿನ ಕೈಚೀಲವಾಗಲಿ, ಫ್ಲಾಟಿನ ಹೊಸ್ತಿಲ ಮುಂದೆ ಹಾಸಿ ಹಬ್ಬ ಮುಗಿದ ಮೇಲೆ ಸುತ್ತಿಡುವ ಮಣಿಯ ರಂಗೋಲಿಯಾಗಲಿ, ಈ ಚೌಕಗಳ ಲೆಕ್ಕಾಚಾರವೇ.

ಈ ಲೆಕ್ಕದಲ್ಲಿಯೇ ಮಣಿಗೆಲಸದ ಸಂಸಾರಯೋಗ್ಯತೆ ಅಡಗಿದೆಯೆಂದು ನಮಗೆ ತೋರುವುದು. ಗೃಹಿಣಿಯ ದಿನದಲ್ಲಿ ಅಖಂಡವಾದ ಒಂದು ಗಂಟೆ ಎಂಬುದು ದುರ್ಲಭ. ಮುಂಜಾನೆ ಶಾಲೆಯ ಬಸ್ಸು ಬರುವುದರೊಳಗೆ ಡಬ್ಬಿ ಕಟ್ಟಬೇಕು. ಕುಕ್ಕರಿನ ಮೂರನೆಯ ಕೂಗಿಗೆ ಏಳಬೇಕು. ನೀರಿನ ಕ್ಯಾನು ತಂದವನಿಗೆ ಬಾಗಿಲು ತೆರೆಯಬೇಕು. ಊರಿನಿಂದ ಅತ್ತೆಯವರ ಫೋನು ಬಂದರೆ ಅದಕ್ಕೆ ಒಂದೂವರೆ ಗಂಟೆಯ ಕಾಲಮಾನದ ವ್ಯತ್ಯಾಸವಿಲ್ಲ, ಬಂದಾಗ ಎತ್ತಬೇಕು. ವೀಣೆಯ ಸಾಧನೆಗೆ ಕುಳಿತವಳನ್ನು ನಡುವೆ ಎಬ್ಬಿಸಿದರೆ ರಾಗದ ಎಳೆ ತಪ್ಪುವುದು. ಬಣ್ಣ ಕಲಸಿಟ್ಟು ಎದ್ದರೆ ಬಣ್ಣ ಒಣಗುವುದು. ಮಣಿಯಾದರೋ, ಎರಡು ಚೌಕ ಮುಗಿದಲ್ಲಿ ಬಿಟ್ಟೆದ್ದರೆ ಮೂರು ದಿನಗಳ ಮೇಲೆ ಮೂರನೆಯ ಚೌಕದಿಂದ ಮುಂದುವರಿಯಬಹುದು. ಅದು ಕಾಯುವುದೇ ಹೊರತು ಕೆಡುವುದಿಲ್ಲ. ಇದಕ್ಕಿಂತಲೂ ಮಿಗಿಲಾದ ಇನ್ನೊಂದು ಗುಣವುಂಟು. ಅಟ್ಟ ಅಡಿಗೆ ಹೊತ್ತಿಗೆ ಮುಗಿಯುವುದು, ಒಗೆದ ಬಟ್ಟೆ ಸಂಜೆಗೆ ಮಾಸುವುದು, ಗುಡಿಸಿದ ನೆಲ ಮರುದಿನ ಮರಳಿನ ಧೂಳಿನಿಂದ ತುಂಬುವುದು. ಮನೆಗೆಲಸವೆಲ್ಲವೂ ಮಾಡಿದಷ್ಟೂ ಮೊದಲಿಗೇ ಬಂದು ನಿಲ್ಲುವಂತಹುದಾಗಿರುವಾಗ, ಇಂದು ಹೆಣೆದ ಸಾಲೊಂದು ನಾಳೆಯೂ ಇದ್ದೇ ಇರುವುದೆಂಬುದು ಸಣ್ಣ ಸಮಾಧಾನವಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲಿ ಈ ವಿನೋದಕ್ಕೆ ಹೆಚ್ಚಾಗಿ ಬಾಗಿಲು ತೆರೆಯುವುದು ಸೀರೆಯ ಕುಚ್ಚಿನಿಂದ. ಊರಿನಲ್ಲಾದರೆ ಹೊಸ ಸೀರೆಯನ್ನು ಕುಚ್ಚು ಕಟ್ಟುವವರ ಮನೆಗೆ ಕೊಟ್ಟು ಬಂದರೆ ಮುಗಿಯಿತು. ಇಲ್ಲಿ ಅದಕ್ಕಾಗಿ ಮುಂದಿನ ರಜೆಯವರೆಗೆ ಕಾಯಬೇಕು, ಹಬ್ಬವೋ ಅಷ್ಟರವರೆಗೆ ಕಾಯದು. ಆದಕಾರಣ ತಾವೇ ಕಲಿಯುವರು. ಸೀರೆಯ ಬಣ್ಣದ ರೇಷ್ಮೆಯೆಳೆಗೆ ಬೇಕಾದಷ್ಟು ಮಣಿಗಳನ್ನು ಮೊದಲೇ ಪೋಣಿಸಿಟ್ಟುಕೊಂಡು, ಸೆರಗಿನ ಅಂಚಿಗೆ ಕ್ರೋಶಾ ಕಡ್ಡಿಯಿಂದ ಸರಪಣಿ ಹಾಕುತ್ತ, ಗೊತ್ತಾದ ಹೆಣಿಗೆ ಬಂದಾಗ ಒಂದು ಮಣಿಯನ್ನು ಮೇಲಕ್ಕೆ ಸರಿಸಿ ಬಿಗಿಯಬೇಕು. ಅದರ ಕೆಳಗೆ ಎಳೆಗಳ ಕಂತೆಯನ್ನು ಇಳಿಬಿಟ್ಟು, ಕೊರಳಿಗೆ ದಾರ ಸುತ್ತಿ, ತುದಿಯನ್ನು ಕತ್ತರಿಯಿಂದ ಸಮಮಾಡಬೇಕು. ಅಂಗುಲಕ್ಕೊಂದರಂತೆ ಹಾಕಿದರೆ ಒಂದು ಸೆರಗಿಗೆ ನಲವತ್ತು ಚಿಲ್ಲರೆ ಕುಚ್ಚುಗಳಾಗುವುವು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹಗಲಿನಲ್ಲಿ ಹೊರಗೆ ತಲೆಹಾಕಲಾಗದ ಈ ಊರಿನ ಬಿಸಿಲಿನಲ್ಲಿ, ಏಸಿಯ ತಂಪಿನಲ್ಲಿ ಕುಳಿತು ಇಂತಹ ಒಂದೆರಡು ಸೆರಗುಗಳನ್ನು ಮುಗಿಸುವುದು ಕಷ್ಟವೇನಲ್ಲ.

ಗುರುಗಳು ಸಾಮಾನ್ಯವಾಗಿ ಬರುವುದು ವಿಸಿಟ್ ವೀಸಾದಲ್ಲಿ. ಮಗಳ ಬಾಣಂತನಕ್ಕೆಂದು ಬಂದ ತಾಯಿ, ಎಣ್ಣೆನೀರು, ಖಾರ, ಲೇಹ್ಯಗಳ ಕೆಲಸ ಮುಗಿದು ಮಗು ಮಲಗಿದ ಮಧ್ಯಾಹ್ನಗಳಲ್ಲಿ ಸುಮ್ಮನೆ ಕೂರಲಾರದೆ, ಮಣಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಶಾಲೆಯಿಂದ ಬಂದ ಹಿರಿಯ ಮೊಮ್ಮಗಳು ಬಳಿ ಬಂದು, “ಅಜ್ಜಿ, ನಂಗೂ ಕೊಡಿ” ಎಂದರೆ, “ಎಳೆ ಬಿಗಿ ಹಿಡಿ ಪುಟ್ಟಿ, ಸಡಿಲ ಬಿಟ್ರೆ ಗಿಳಿ ಕೊಕ್ಕು ಜೋತು ಬೀಳತ್ತೆ” ಎಂಬ ಒಂದು ಮಾತಿನಲ್ಲಿ ಪಾಠ ಆರಂಭವಾಗುವುದು. ಇಂಗ್ಲಿಷು, ಅರಬ್ಬಿ, ಹಿಂದಿಗಳ ನಡುವೆ ಬೆಳೆಯುವ ಆ ಮಗು, ಎಳೆ, ಗಂಟು, ಕುಚ್ಚು, ಸೆರಗು, ಅಂಚು ಎಂಬ ಮಾತುಗಳನ್ನು ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ಕೈಯಿಂದಲೇ ಕಲಿತುಬಿಡುತ್ತದೆ. ಗಂಡಸರು ದೂರ ನಿಲ್ಲುವರೆಂದೂ ಹೇಳುವಂತಿಲ್ಲ. ವಾರದ ರಜೆಯಲ್ಲಿ ಗ್ರಾಫ್ ಕಾಗದದ ಮೇಲೆ ಚೌಕಗಳನ್ನು ತುಂಬಿ ನಮೂನೆ ಬರೆದುಕೊಡುವ ಇಂಜಿನಿಯರ್ ಪತಿರಾಯರೂ ಇದ್ದಾರೆ.

ಅನಾನುಕೂಲಗಳೂ ಇಲ್ಲವೆಂದಲ್ಲ. ತೆವಳುವ ಕೂಸು ಇರುವ ಮನೆಯಲ್ಲಿ ಮಣಿ ಅಪಾಯದ ವಸ್ತು. ಬಾಯಿಗೋ ಮೂಗಿಗೋ ಹೋಗುವುದಕ್ಕೆ ಅರೆಕ್ಷಣ ಸಾಕು, ಆದುದರಿಂದ ಬಿಗಿ ಮುಚ್ಚಳದ ಡಬ್ಬಿಯೂ ಎತ್ತರದ ಕಪಾಟೂ ಅವಶ್ಯ. ಮೇಜಿನ ಮೇಲೆ ಹಳೆಯ ಟವೆಲನ್ನು ಹಾಸಿಕೊಂಡು ಕುಳಿತರೆ ಮಣಿ ಉರುಳುವುದಿಲ್ಲ. ಅಷ್ಟಾದರೂ ಚೆಲ್ಲಿದರೆ, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳುವಾದ ಹಳೆಯ ಕಾಲುಚೀಲವನ್ನು ಹಿಗ್ಗಿಸಿ ಕಟ್ಟಿ ನೆಲದ ಮೇಲೆ ಆಡಿಸಿದಲ್ಲಿ, ಮಣಿಗಳೆಲ್ಲ ಬಟ್ಟೆಗೆ ಅಂಟಿಕೊಂಡು ಮೇಲೇಳುವುವು. ಡಬ್ಬಿಯ ಮೇಲೆ ಹಿಡಿದು ಯಂತ್ರವನ್ನು ನಿಲ್ಲಿಸಿದರೆ ಅಷ್ಟೂ ಒಳಗೆ ಬೀಳುವುವು. ಕಣ್ಣಿಗೆ ಆಯಾಸವಾಗದಂತೆ ಕಿಟಕಿಯ ಬೆಳಕಿನಲ್ಲಿ ಕೂರುವುದೂ, ನಡುವೆ ಎದ್ದು ಓಡಾಡುವುದೂ ಲೇಸು; ಎದ್ದು ಓಡಾಡಿಸುವ ಹೊಣೆಯನ್ನು ಸಂಸಾರವೇ ಹೊತ್ತುಕೊಳ್ಳುವುದರಿಂದ ಅದಕ್ಕೆ ವಿಶೇಷ ಪ್ರಯತ್ನ ಬೇಕಾಗುವುದಿಲ್ಲ.

ಚೆನ್ನಾಗಿ ಮಾಡಿದ ಕೆಲಸವನ್ನು ಕಂಡವರು ತಪ್ಪದೆ ಕೇಳುವ ಪ್ರಶ್ನೆ, ಇದನ್ನು ಮಾರಬಾರದೇಕೆ ಎಂಬುದು. ಮಾರಲು ಅಡ್ಡಿಯಿಲ್ಲ, ದುಬೈಯಲ್ಲಿ ವ್ಯಾಪಾರಕ್ಕೆ ಪರವಾನಗಿ ಬೇಕು, ಮನೆಯಿಂದಲೇ ನಡೆಸುವ ಸಣ್ಣ ವ್ಯಾಪಾರಗಳಿಗೂ ಅದಕ್ಕೆ ತಕ್ಕ ಪರವಾನಗಿಯ ಏರ್ಪಾಟುಗಳಿವೆ, ಕೆಲವರು ಆ ದಾರಿಯನ್ನು ಹಿಡಿದು ಮೇಲೆ ಬಂದೂ ಇದ್ದಾರೆ. ಆದರೆ ಗಿರಾಕಿಗೆ ಕೊಟ್ಟ ಮಾತಿನ ದಿನ ಬಂದು ಎದುರು ನಿಂತೊಡನೆ, ಕಾಯುವುದೇ ಗುಣವಾಗಿದ್ದ ಕೆಲಸ ಕಾಯಲಾರದ ಕೆಲಸವಾಗುವುದು; ಮಗುವಿನ ಜ್ವರವೂ ಬಂದ ನೆಂಟರೂ ಆಗ ಅಡಚಣೆಯಾಗಿ ಕಾಣಲಾರಂಭಿಸುವರು. ಹಣದ ಅವಶ್ಯಕತೆಯಿರುವವರು ಈ ಬೆಲೆಯನ್ನು ತಿಳಿದೇ ತೆರಲಿ. ಉಳಿದವರು ತಮ್ಮ ತೋರಣವನ್ನು ತಮ್ಮ ಬಾಗಿಲಿಗೆ ಕಟ್ಟಿಕೊಂಡು, ತಮ್ಮ ಕುಚ್ಚಿನ ಸೀರೆಯನ್ನು ನವೆಂಬರಿನ ರಾಜ್ಯೋತ್ಸವದ ಸಭೆಗೆ ಉಟ್ಟು ಹೋಗಿ, ಗೆಳತಿಯರು ಸೆರಗನ್ನು ಹಿಡಿದು ನೋಡಿ ಕೇಳಿದರೆ ಹೆಣಿಗೆಯನ್ನು ಹೇಳಿಕೊಟ್ಟು ಬಂದರೆ ಸಾಕು. ಹೊಸದಾಗಿ ಕಲಿಯಬಯಸುವವರು ಪಟ್ಟೆಸೀರೆಗೆ ಕೈಹಾಕದೆ, ಹಳೆಯ ಹತ್ತಿಯ ಸೀರೆಯೊಂದನ್ನೂ ಒಂದೇ ಬಣ್ಣದ ದಪ್ಪ ಮಣಿಯ ಪೊಟ್ಟಣವೊಂದನ್ನೂ ತೆಗೆದುಕೊಂಡು, ನಾಳೆ ಮಕ್ಕಳ ಬಸ್ಸು ಹೋದ ಮೇಲೆ ಮೊದಲ ನಾಲ್ಕು ಕುಚ್ಚುಗಳನ್ನು ಕಟ್ಟಿ ನೋಡಬಹುದು, ಐದನೆಯದಕ್ಕೆ ಅವಸರವಿಲ್ಲ.